ನೆನಪಿದೆಯೇ ಎಂದು ಕೇಳುವುದನ್ನು ಬಿಟ್ಟ ಮೇಲೆ

ಅತ್ತೆಯವರಿಗೆ ಮರೆವಿನ ಕಾಯಿಲೆ ಬಲಿತ ಮೇಲೆ ನಾವು ಅವರನ್ನು ಮದುವೆ, ಜಾತ್ರೆಗಳಿಗೂ ಕರೆದೊಯ್ಯುವುದನ್ನು ನಿಲ್ಲಿಸಿದ್ದೆವು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 2006ರಲ್ಲಿ ಇಂಥವರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಜೊತೆಯಾಗಿ ಕರೆದು, ಕಲಾಕೃತಿಗಳ ಮುಂದೆ ಕೂರಿಸಿ ಮಾತನಾಡಿಸುವ ಕಾರ್ಯಕ್ರಮ ಆರಂಭಿಸಿತೆಂದು ತಿಳಿದಾಗ, ವರ್ಷಗಟ್ಟಲೆ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ್ದ ನನಗೆ ಅದನ್ನು ಚಿತ್ರದುರ್ಗದಲ್ಲಿ ಮಾಡಿ ನೋಡುವ ಆಸೆ ಹುಟ್ಟಿತು. ನಮ್ಮಲ್ಲಿ ಪಿಕಾಸೊನ ಚಿತ್ರಗಳಿಲ್ಲದಿದ್ದರೇನು, ವೀರಗಲ್ಲುಗಳಿವೆ.

ಅನುಮತಿ ಪಡೆದು ಐದು ಮನೆಯವರನ್ನು ಸಂಗ್ರಹಾಲಯಕ್ಕೆ ಕರೆದೆ. ಮೊದಲ ದಿನ ಎಲ್ಲವನ್ನೂ ಕೆಡಿಸಿದವಳು ನಾನೇ. ತೋರಿಸಲು ಹನ್ನೆರಡು ವಸ್ತುಗಳನ್ನು ಆರಿಸಿದ್ದೆ. ಹೊತ್ತು ಇಳಿದಂತೆ ಇವರ ಗಲಿಬಿಲಿ ಹೆಚ್ಚುವುದನ್ನು ಮನೆಯಲ್ಲೇ ಕಂಡಿದ್ದರೂ ಸಂಜೆ ನಾಲ್ಕಕ್ಕೆ ಬರಹೇಳಿದ್ದೆ. ಕಾಲಿಗೆ ಹಿತವಾಗಲೆಂದು ಬಾಗಿಲಲ್ಲಿ ಕಪ್ಪು ಚಾಪೆ ಹಾಸಿದ್ದೆ. ಒಬ್ಬ ಅಜ್ಜ ಅದನ್ನು ಗುಂಡಿಯೆಂದು ತಿಳಿದು ಹೆಜ್ಜೆ ಮುಂದಿಡಲೇ ಇಲ್ಲ. ಈಗ ಬೆಳಗಿನ ಹತ್ತೂವರೆಗೆ ಸೇರುತ್ತೇವೆ, ಮೂರೇ ವಸ್ತು, ಒಂದೇ ಗಂಟೆ, ಚಾಪೆಯಂತೂ ಇಲ್ಲ.

ವೀರಗಲ್ಲು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಓದು ಬರದವರಿಗೂ ಅಲ್ಲಿ ಕಥೆ ಕಾಣುತ್ತದೆ. "ಇದೇನು ಗೊತ್ತೇ, ನೆನಪಿದೆಯೇ" ಎಂದು ಕೇಳಿದರೆ ಅದು ಪರೀಕ್ಷೆಯಾಗುತ್ತದೆ, ಅವರು ಮುದುಡಿಕೊಳ್ಳುತ್ತಾರೆ. "ಇಲ್ಲಿ ಏನು ನಡೀತಿದೆ ಅಜ್ಜ?" ಎಂದರೆ ಸಾಕು. ದಾವಣಗೆರೆಯ ಹತ್ತಿಗಿರಣಿಯಲ್ಲಿ ದುಡಿದಿದ್ದ ಒಬ್ಬರು ನಡುವಿನ ಪಟ್ಟಿಕೆಯನ್ನು ಬಹಳ ಹೊತ್ತು ನೋಡಿ, "ಪಾಳಿ ಮುಗೀತು, ಮನೆಗೆ ಕರ್ಕೊಂಡು ಹೊಂಟಾರೆ" ಎಂದರು. ಪಕ್ಕದಲ್ಲಿದ್ದ ಮಗ, "ಅಪ್ಪಾಜಿ, ಅವರು ಅಪ್ಸರೆಯರು" ಎಂದು ತಿದ್ದಿದ್ದೇ ತಡ, ಅವರು ಆ ದಿನವೆಲ್ಲ ಬಾಯಿ ಬಿಡಲಿಲ್ಲ. ನನಗಂತೂ ಶಾಸ್ತ್ರದ ವಿವರಣೆಗಿಂತ ಅವರ ಮಾತೇ ಆ ಕಲ್ಲಿಗೆ ಹತ್ತಿರವೆನ್ನಿಸಿತ್ತು. ಆಮೇಲಿಂದ ಒಳಗೆ ಹೋಗುವ ಮುನ್ನ ಮನೆಯವರಿಗೆ ಚಹಾ ಕೊಡುತ್ತ ಮೂರೇ ಮಾತು ಹೇಳುತ್ತೇನೆ: ತಿದ್ದಬೇಡಿ, ಅವರ ಪರವಾಗಿ ಉತ್ತರಿಸಬೇಡಿ, ನಿಮಗೆ ಕಂಡದ್ದನ್ನು ನೀವು ಹೇಳಿ. ಕೊನೆಯದು ಅವರಿಗೆ ಹೆಚ್ಚು ಕಷ್ಟ. ದಿನವಿಡೀ ಔಷಧಿ, ಸ್ನಾನ, ಬಾಗಿಲ ಚಿಲಕ ನೋಡಿಕೊಳ್ಳುವವರನ್ನು ನಿಮಗೇನು ಕಾಣುತ್ತದೆ ಎಂದು ಕೇಳಿದವರೇ ಇರುವುದಿಲ್ಲ.

ಸಂಗ್ರಹಾಲಯದ ವಸ್ತುಗಳನ್ನು ಮುಟ್ಟುವಂತಿಲ್ಲ. ಕೋಟೆಯ ಸಿಡಿಮದ್ದು ಅರೆಯುವ ಕಲ್ಲುಗಳ ದೊಡ್ಡ ಫೋಟೊ ತೋರಿಸಿ, ಜಗಲಿಯಲ್ಲಿ ನಮ್ಮ ಮನೆಯ ಬೀಸುವ ಕಲ್ಲನ್ನೂ ಒಂದು ಸೇರು ರಾಗಿಯನ್ನೂ ಇಟ್ಟೆ. ನನ್ನ ಹೆಸರು ಮರೆತಿದ್ದ ಅತ್ತೆ ಗೂಟ ಹಿಡಿದು, ಎಡಗೈಯಲ್ಲಿ ಅಳತೆ ತಪ್ಪದಂತೆ ಕಾಳು ಹಾಕುತ್ತ ಬೀಸತೊಡಗಿದರು. ಹೊಸ ನೆನಪು ಹೋದ ಮೇಲೂ ಕೈ ಕಲಿತ ಕೆಲಸ ಬಹುಕಾಲ ಉಳಿಯುತ್ತದೆ. ಆದರೆ ಇದರಿಂದ ಕಾಯಿಲೆ ಹಿಮ್ಮೆಟ್ಟಿತೆಂದು ಯಾರೂ ತಿಳಿಯಬಾರದು. ಮಧ್ಯಾಹ್ನದ ಊಟದ ಹೊತ್ತಿಗೆ ಅವರಿಗೆ ಅಲ್ಲಿಗೆ ಹೋಗಿದ್ದೇ ನೆನಪಿರಲಿಲ್ಲ.

ಪ್ರತಿ ತಿಂಗಳೂ ಅತ್ತೆ ಆ ಕಲ್ಲಿನ ಮುಂದೆ ಕುಳಿತು, "ಯಾರದಮ್ಮ ಇದು, ಚೆನ್ನಾಗಿ ಕಡಿಸಿದಾರೆ" ಎನ್ನುತ್ತಾರೆ. ಮೊದಮೊದಲು "ನಿಮ್ಮದೇ ಅಲ್ವಾ ಅತ್ತೆ" ಎನ್ನುತ್ತಿದ್ದೆ. ಈಗ, "ಹೌದತ್ತೆ, ಚೆನ್ನಾಗಿದೆ" ಎಂದು ರಾಗಿಯ ಮೊರವನ್ನು ಹತ್ತಿರ ಸರಿಸುತ್ತೇನೆ.