ಸಾಕ್ಷಿ ನುಡಿಯುವ ಮೊದಲು ನಾನು ಬರೆಯುವುದು

ಹಸುಗೂಸಿಗೆ ಪೆಟ್ಟಾದ ಪ್ರಕರಣಗಳಲ್ಲಿ ಕಣ್ಣಾರೆ ಕಂಡವರು ಸಿಗುವುದು ಅಪರೂಪ. ಕೂಸಿಗೆ ಮಾತು ಬಾರದು; ಮನೆಯವರು ತಮಗೇನೂ ತಿಳಿಯದು ಎನ್ನುತ್ತಾರೆ. ಉಳಿಯುವುದು ಎಕ್ಸ್‌ರೇ, ಸ್ಕ್ಯಾನ್ ಮತ್ತು ಅವನ್ನು ಓದಿ ಹೇಳುವ ವೈದ್ಯ. ಹೀಗಾಗಿ ಮಗು ಹೆತ್ತವರ ಬಳಿಗೆ ಮರಳಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ ನಮ್ಮ ಮಾತಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ತೂಕ ಬಂದುಬಿಡುತ್ತದೆ. ಮಕ್ಕಳ ವೈದ್ಯನಾಗಿ ನ್ಯಾಯಾಲಯಕ್ಕೆ ಇಂಥ ವರದಿ ಬರೆಯುವ ನಾನು ಆ ತೂಕವನ್ನು ವರದಿಯಲ್ಲೇ ಹದಕ್ಕೆ ತರಲು ನೋಡುತ್ತೇನೆ. ಸಾಕ್ಷಿಕಟ್ಟೆ ಹತ್ತಿದ ಮೇಲೆ ಅದು ಕಷ್ಟ.

ಕಡತ ಬಂದಾಗ ಮೊದಲು ತೆರೆಯುವುದು ಚಿತ್ರಗಳನ್ನು ಮಾತ್ರ. ಪೊಲೀಸರ ಮುಂದಿನ ಹೇಳಿಕೆ, ಸಮಾಜ ಕಾರ್ಯಕರ್ತರ ಟಿಪ್ಪಣಿ ಆಮೇಲೆ. ತಂದೆ ಮುಂಗೋಪಿ ಎಂದು ಮೊದಲೇ ಓದಿಬಿಟ್ಟರೆ ಮಸುಕಾದ ಗೆರೆಯೂ ಮುರಿತವಾಗಿ ಕಾಣತೊಡಗುತ್ತದೆ. ಕಂಡದ್ದನ್ನು ಬರೆದು, ದಿನಾಂಕ ಹಾಕಿ, ಸಹಿ ಮಾಡಿದ ನಂತರವೇ ಉಳಿದ ಕಾಗದಗಳಿಗೆ ಕೈ ಹಾಕುತ್ತೇನೆ. ಓದಿದ ಮೇಲೆ ಅಭಿಪ್ರಾಯ ಬದಲಾದರೆ ಎರಡನ್ನೂ ವರದಿಯಲ್ಲಿ ಇಡುತ್ತೇನೆ. ಪಾಟಿ ಸವಾಲು ಮಾಡುವವರಿಗೆ ಅದು ಹಬ್ಬ, ಇರಲಿ.

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ‘ಯಾವಾಗ ಆಯಿತು?’ ಎಂಬುದು. ಅದು ಸಾಮಾನ್ಯ ಪ್ರಶ್ನೆಯಲ್ಲ. ಸೋಮವಾರ ಮಗು ಅಜ್ಜಿಯ ಬಳಿ, ಬುಧವಾರ ತಾಯಿಯ ಬಳಿ ಇದ್ದಿದ್ದರೆ, ನಾನು ಹೇಳುವ ದಿನವೇ ಒಬ್ಬರ ಕಡೆ ಬೆರಳು ಮಾಡುತ್ತದೆ. ತೊಡೆಮೂಳೆ ಮುರಿದಾಗ ಅದರ ಸುತ್ತ ಹೊಸ ಮೂಳೆಯ ತೆಳು ಪದರ ಎಕ್ಸ್‌ರೇಯಲ್ಲಿ ಕಾಣಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು. ಮಂಡಿಯ ಬಳಿ ಮೂಳೆಯ ತುದಿಯಿಂದ ಚಿಕ್ಕ ಚೂರು ಸಿಡಿದಿದ್ದರೆ ಆ ಪದರ ಎಷ್ಟೋ ಸಲ ಮೂಡುವುದೇ ಇಲ್ಲ; ತಲೆಬುರುಡೆಯ ಬಿರುಕಿಗೆ ಈ ಲೆಕ್ಕ ಒಪ್ಪುವುದಿಲ್ಲ. ಚರ್ಮದ ಮೇಲಿನ ಗುರುತಿನ ಬಣ್ಣ ನೋಡಿ ದಿನ ಹೇಳುವ ಹಳೆಯ ರೂಢಿಯಂತೂ ನಂಬಲರ್ಹವಲ್ಲ. ಆದ್ದರಿಂದ ನಾನು ಕೊಡುವುದು ಅವಧಿಯನ್ನು, ದಿನವನ್ನಲ್ಲ. ‘ಇನ್ನೂ ನಿಖರವಾಗಿ ಹೇಳಿ ಡಾಕ್ಟರೇ’ ಎಂದು ಒತ್ತಾಯಿಸಿದರೂ ಅವಧಿಯನ್ನು ಕುಗ್ಗಿಸುವುದಿಲ್ಲ.

ಬೇರೆ ಕಾರಣಗಳನ್ನು ಒಂದೊಂದಾಗಿ ಬರೆದು, ಯಾವುದನ್ನು ಯಾವ ಪರೀಕ್ಷೆಯಿಂದ ತಳ್ಳಿಹಾಕಿದೆ ಎಂದು ತೋರಿಸುತ್ತೇನೆ: ಹುಟ್ಟಿನಿಂದ ಬಂದ ಮೂಳೆ ದೌರ್ಬಲ್ಯ, ಮೂಳೆ ಮೆದುವಾಗುವ ರಿಕೆಟ್ಸ್, ರಕ್ತ ಹೆಪ್ಪುಗಟ್ಟದ ಕಾಯಿಲೆ. ಬೆನ್ನಿನ ನೀಲಿ ಮಚ್ಚೆಯನ್ನು ಪೆಟ್ಟು ಎಂದು ಬರೆದ ಕಾಗದವನ್ನೂ ಕಂಡಿದ್ದೇನೆ. ಕೆಲವು ವಾರ ಬಿಟ್ಟು ಮತ್ತೆ ನೋಡಿದರೆ ತಿಳಿಯುತ್ತದೆ. ಪೆಟ್ಟಿನ ಗುರುತು ಮಾಸಿರುತ್ತದೆ, ಮಚ್ಚೆ ಇದ್ದಲ್ಲೇ ಇರುತ್ತದೆ. ಎಕ್ಸ್‌ರೇಯನ್ನೂ ಎರಡು ವಾರದ ಹೊತ್ತಿಗೆ ಇನ್ನೊಮ್ಮೆ ಮಾಡಿಸುತ್ತೇನೆ, ಏಕೆಂದರೆ ಮೊದಲ ದಿನ ಕಾಣದ ಪಕ್ಕೆಲುಬಿನ ಮುರಿತ ಕೂಡುವಾಗ ಕಾಣಿಸಿಕೊಳ್ಳುತ್ತದೆ.

ಮೆದುಳಿನ ಹೊದಿಕೆಯ ಕೆಳಗೆ ರಕ್ತಸ್ರಾವ, ಕಣ್ಣಿನ ಒಳಪದರವಾದ ಅಕ್ಷಿಪಟಲದಲ್ಲಿ ರಕ್ತಸ್ರಾವ, ಮೆದುಳಿನ ಕಾರ್ಯದಲ್ಲಿ ಏರುಪೇರು: ಈ ಮೂರೂ ಇದ್ದರೆ ಮಗುವನ್ನು ಜೋರಾಗಿ ಅಲುಗಾಡಿಸಿದ್ದಾರೆ ಎಂದೇ ಬಹುಕಾಲ ತಜ್ಞರು ಹೇಳುತ್ತಿದ್ದರು. 2005ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ, ಇವು ಬಲವಾದ ಸೂಚನೆಯೇ ಹೊರತು ತಾವಾಗಿಯೇ ತೀರ್ಪಾಗಲಾರವು ಎಂಬ ನಿಲುವು ತಳೆಯಿತು. ನನ್ನ ವರದಿಯಲ್ಲೂ ಮೂರನ್ನು ಕೂಡಿಸಿ ಒಂದೇ ಹೆಸರಿಡುವುದಿಲ್ಲ. ಪ್ರತಿಯೊಂದರ ವಿಸ್ತಾರ, ಜಾಗ, ಪದರ ಬಿಡಿಬಿಡಿಯಾಗಿ ಬರುತ್ತವೆ.

ಅಂಕಿಗಳ ವಿಷಯದಲ್ಲಿ ಇನ್ನೂ ಬಿಗಿ. 1999ರಲ್ಲಿ, ಇಂಗ್ಲೆಂಡಿನಲ್ಲಿ ತನ್ನಿಬ್ಬರು ಕೂಸುಗಳನ್ನು ಕೊಂದ ಆರೋಪ ಹೊತ್ತಿದ್ದ ಸ್ಯಾಲಿ ಕ್ಲಾರ್ಕ್ ಎಂಬ ತಾಯಿಯ ವಿಚಾರಣೆಯಲ್ಲಿ ಮಕ್ಕಳ ವೈದ್ಯ ರಾಯ್ ಮೆಡೋ, ಆಕೆಯಂಥವರ ಮನೆಯಲ್ಲಿ ಎರಡು ಕೂಸುಗಳು ಸಹಜವಾಗಿ ಹಠಾತ್ ಸಾಯುವ ಸಂಭವ 7 ಕೋಟಿ 30 ಲಕ್ಷಕ್ಕೆ ಒಂದು ಎಂದರು. ಒಂದು ಸಾವಿನ ಸಂಭವವಾದ 8,543ಕ್ಕೆ ಒಂದು ಎಂಬ ಅಂಕಿಯನ್ನು ಅದರಿಂದಲೇ ಗುಣಿಸಿ ಪಡೆದದ್ದು ಅದು. ಒಂದೇ ಮನೆಯ ಎರಡು ಸಾವುಗಳಿಗೆ ಪರಸ್ಪರ ನಂಟೇ ಇಲ್ಲ ಎಂದು ಭಾವಿಸಿ ಮಾಡಿದ ತಪ್ಪು ಲೆಕ್ಕ ಅದು. ಆಕೆಯ ಶಿಕ್ಷೆ ರದ್ದಾದದ್ದು 2003ರಲ್ಲಿ. ಅದು ಕೊಲೆ ಮೊಕದ್ದಮೆ, ನಿಜ. ಆದರೂ ಸಂಖ್ಯಾಶಾಸ್ತ್ರದ ಪ್ರಶ್ನೆ ಬಂದರೆ ಆ ವಿಷಯದ ತಜ್ಞರನ್ನು ಕರೆಸಿ ಎನ್ನುತ್ತೇನೆ.

ಹಾಗೆಂದು ಎಲ್ಲದಕ್ಕೂ ‘ಇರಬಹುದು, ಇಲ್ಲದಿರಬಹುದು’ ಎಂದು ಜಾರಿಕೊಳ್ಳುವ ವೈದ್ಯರನ್ನು ಕಂಡರೂ ನನಗಾಗದು. ಹೆತ್ತವರೇ ಮಕ್ಕಳನ್ನು ಹೊಡೆದಾರೆ ಎಂದು ನಂಬಲು ವೈದ್ಯರು ಹಿಂಜರಿಯುತ್ತಿದ್ದ ಕಾಲದಲ್ಲಿ, 1962ರಲ್ಲಿ, ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಮತ್ತು ಸಂಗಡಿಗರು ಅದನ್ನು ಬಹಿರಂಗವಾಗಿ ಬರೆದರು. ಇನ್ನೂ ಹೊರಳಲು ಬಾರದ ಕೂಸಿನ ಹಲವು ಪಕ್ಕೆಲುಬು ಮುರಿದಿದ್ದು, ಕಾಯಿಲೆಯೂ ಇಲ್ಲ, ಒಪ್ಪುವಂಥ ವಿವರಣೆಯೂ ಇಲ್ಲ ಎಂದಾದರೆ ಯಾರೋ ಎದೆಯನ್ನು ಅದುಮಿರುವ ಸಾಧ್ಯತೆಯೇ ಹೆಚ್ಚು ಎಂದು ನೇರವಾಗಿ ಬರೆಯುತ್ತೇನೆ. ಅದುಮಿದ್ದು ಯಾರು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅದು ನ್ಯಾಯಾಧೀಶರ ಕೆಲಸ.

ಕೊನೆಯ ಪುಟದಲ್ಲಿ, ಯಾವ ಹೊಸ ಸಂಗತಿ ಬಂದರೆ ನನ್ನ ಅಭಿಪ್ರಾಯ ಬದಲಾಗುತ್ತದೆ ಎಂದು ನಮೂದಿಸುತ್ತೇನೆ. ಅಂಥದ್ದು ತಡವಾಗಿ ಬಂದರೂ ಎರಡೂ ಕಡೆಯ ವಕೀಲರಿಗೆ ಪೂರಕ ವರದಿ ಹೋಗುತ್ತದೆ, ನನ್ನನ್ನು ಕರೆಸಿದವರಿಗೆ ಅದು ರುಚಿಸದಿದ್ದರೂ.