ಹೆಸರು ಬಿಟ್ಟು ಸರ್ವೆ ನಂಬರ್ ಹಿಡಿದೆ: ವಿಮ್ಮೆರಾದ ವಿಧವೆ ಸಿಕ್ಕಿದ ಬಗೆ

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ವಿಮ್ಮೆರಾ ಬಯಲು, 1870ರ ದಶಕ. ಗಂಡನ ಸಮಾಧಿ ಇದೆ, ಹೆಂಡತಿಯದು ಎಲ್ಲೂ ಇಲ್ಲ. ಅವಳು ಎಲ್ಲಿ ಹೋದಳು ಅಂತ ಐದನೇ ತಲೆಮಾರಿನವರು ಕೇಳಿದಾಗ ನಾನು ಸೆಲೆಕ್ಷನ್ ಫೈಲ್‌ನಿಂದ, ಅಂದರೆ ಸರ್ಕಾರಿ ಜಮೀನು ಆರಿಸಿ ಪಡೆದವರ ಕಡತದಿಂದ, ಶುರು ಮಾಡ್ತೀನಿ ಅಂದೆ. ‘ಲ್ಯಾಂಡ್ ಫೈಲಲ್ಲಿ ಗಂಡಸರು ಬಿಟ್ಟರೆ ಯಾರೂ ಸಿಗಲ್ಲ’ ಅಂತ ಈ ಕೆಲಸದಲ್ಲಿ ಪಳಗಿದ ಮೂರ್ನಾಲ್ಕು ಜನ ನಕ್ಕರು. ಸಿಕ್ಕಿದ್ದು ಅಲ್ಲೇ. ಹೆಸರು ಹಾಕಬೇಡಿ ಅಂತ ಮನೆಯವರು ಕೇಳಿಕೊಂಡಿದ್ದಾರೆ, ಹಾಕಲ್ಲ.

ಮೊದಲು ದುಡ್ಡು ಹೋದ ಲೆಕ್ಕ. ನಕ್ಕವರ ಮಾತು ಕೇಳಿ ಡೆತ್ ಇಂಡೆಕ್ಸ್‌ನಲ್ಲಿ ಆ ಗಂಡನ ಸರ್‌ನೇಮ್ ಹಾಕಿ ಹುಡುಕಿದೆ. ಹೊಂದುವಂಥ ಐದು ಸರ್ಟಿಫಿಕೇಟ್ ಕೊಂಡೆ, ಒಂದಕ್ಕೆ ಹೆಚ್ಚುಕಮ್ಮಿ 20 ಡಾಲರ್. ಐದೂ ಬೇರೆ ಹೆಂಗಸರದು. ಡಿಎನ್‌ಎ ಕಿಟ್‌ಗೆ ನೂರು ಚಿಲ್ಲರೆ ಹೋಯ್ತು. ಅಕ್ಕಪಕ್ಕದ ನಾಲ್ಕು ಮನೆತನ ಮೂರು ತಲೆಮಾರು ಒಳಗೊಳಗೇ ಕೊಟ್ಟು ತಂದಿದ್ದರಿಂದ ಎಲ್ಲರೂ ಎಲ್ಲರಿಗೂ ಮ್ಯಾಚ್. ಯಾವ ಎಳೆ ಯಾವ ಮನೆಯದು ಅಂತ ಬಿಡಿಸಲು ಆಗಲಿಲ್ಲ. ಆ ದಾರಿ ಅಲ್ಲಿಗೇ ಬಿಟ್ಟೆ.

ಸೆನ್ಸಸ್ ಇದ್ದಿದ್ದರೆ ಇಷ್ಟು ತಿಣುಕಾಟ ಬೇಕಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಆ ಕಾಲದ ಮನೆಮನೆ ಹಾಳೆಗಳನ್ನು ಬಹುಪಾಲು ಉಳಿಸಿಕೊಳ್ಳಲೇ ಇಲ್ಲ. ಸಿಡ್ನಿಯ 1881ರ ಸೆನ್ಸಸ್ ಕಾಗದ ಮರುವರ್ಷ ಗಾರ್ಡನ್ ಪ್ಯಾಲೇಸ್ ಬೆಂಕಿಗೆ ಹೋಯ್ತು.

ಪಹಣಿ, ಟಿಪ್ಪಣಿ, ಮುಟೇಶನ್ ಹಿಡಿದು ವಾರಸುದಾರರನ್ನು ಹುಡುಕಿದವರಿಗೆ ಮುಂದಿನ ಕೆಲಸ ಹೊಸದಲ್ಲ. ವಿಕ್ಟೋರಿಯಾದಲ್ಲಿ ಸರ್ವೆ ನಂಬರ್ ಬದಲು ಪ್ಯಾರಿಷ್ (ನಮ್ಮ ಗ್ರಾಮದ ಹಾಗೆ ಜಮೀನು ಅಳತೆಯ ಘಟಕ) ಹೆಸರು ಮತ್ತು ಅಲಾಟ್‌ಮೆಂಟ್ ನಂಬರ್. ಪ್ಯಾರಿಷ್ ಪ್ಲಾನ್‌ನಲ್ಲಿ ಗಂಡನ ಹೆಸರಿನ ತುಂಡು ಹುಡುಕಿ, ಅಲ್ಲಿನ ಸರ್ಕಾರಿ ದಾಖಲೆ ಭಂಡಾರವಾದ ಪಬ್ಲಿಕ್ ರೆಕಾರ್ಡ್ ಆಫೀಸ್‌ನ ವಿ.ಪಿ.ಆರ್.ಎಸ್. 625 ಸರಣಿಯ ಫೈಲ್ ತರಿಸಿದೆ. ಇಂಡೆಕ್ಸ್‌ನಲ್ಲಿ ಹೆಸರಿನ ಸ್ಪೆಲಿಂಗ್ ಕೆಟ್ಟಿತ್ತು. ಆದರೂ ಫೈಲ್ ನಂಬರ್ ಹೇಗೆ ಹಿಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಪ್ಲಾನ್‌ನ ಅಂಚಿನ ಬರಹ ಸರಿಯಾಗಿ ನೋಡಿ ಅಂತಷ್ಟೇ ಹೇಳ್ತೀನಿ.

1869ರ ಭೂ ಕಾಯ್ದೆಯಲ್ಲಿ ಒಬ್ಬರಿಗೆ ಹೆಚ್ಚೆಂದರೆ 320 ಎಕರೆ. ಎಕರೆಗೆ ವರ್ಷಕ್ಕೆ 2 ಶಿಲಿಂಗ್, ಅಂದರೆ ವರ್ಷಕ್ಕೆ 32 ಪೌಂಡ್. ಮೊದಲು ಮೂರು ವರ್ಷದ ಲೈಸೆನ್ಸ್, ಅದರಲ್ಲಿ ಕನಿಷ್ಠ ಎರಡೂವರೆ ವರ್ಷ ಅಲ್ಲೇ ವಾಸ ಮಾಡಬೇಕು, ಬೇಲಿ ಹಾಕಬೇಕು, ಹತ್ತರಲ್ಲಿ ಒಂದು ಪಾಲು ಉಳಬೇಕು. ಆಮೇಲೆ ಎಕರೆಗೆ ಉಳಿದ 14 ಶಿಲಿಂಗ್ ಒಟ್ಟಿಗೆ ಕಟ್ಟಬಹುದು, ಇಲ್ಲವೇ ಏಳು ವರ್ಷದ ಲೀಸ್. ಇವರ ಲೈಸೆನ್ಸ್ ಎರಡನೇ ವರ್ಷದಲ್ಲಿದ್ದಾಗ ಗಂಡ ಸತ್ತ, ಉಯಿಲು ಇಲ್ಲ. ನಮ್ಮಲ್ಲಿ ಪೌತಿ ಖಾತೆ ಮಾಡಿಸುವ ಹಾಗೆ ಅವಳು ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಶನ್ ಮಾಡಿಸಿಕೊಂಡು ಬಾಡಿಗೆ ಕಟ್ಟುತ್ತಾ ಹೋಗಿದ್ದಾಳೆ. ಕಟ್ಟಿದ ರಸೀದಿ ವಿವರ ಫೈಲ್‌ನಲ್ಲೇ ಇದೆ.

ಗಂಟು ಬಿಚ್ಚಿದ್ದು ಒಂದು ಸಣ್ಣ ಪತ್ರ. ಲೀಸ್ ಕೊಡುವ ಹೊತ್ತಿಗೆ ಇಲಾಖೆ ಕೇಳಿದೆ: ನೀವು ಮರುಮದುವೆ ಆಗಿದ್ದೀರಂತೆ, ಈಗಿನ ಹೆಸರೇನು? ಮದುವೆಯಾದ ಹೆಂಗಸು ಆ ಕಾಯ್ದೆಯಲ್ಲಿ ತನ್ನ ಹೆಸರಿಗೆ ಸೆಲೆಕ್ಷನ್ ತೆಗೆಯುವ ಹಾಗಿರಲಿಲ್ಲ, ವಿಧವೆಗೆ ಅವಕಾಶ ಇತ್ತು. ವಿಧವೆ ಮದುವೆಯಾದರೆ ಗುಮಾಸ್ತನಿಗೆ ತಲೆನೋವು, ಅವನಿಗೆ ತಲೆನೋವು ಬಂದಷ್ಟೂ ನಮಗೆ ಕಾಗದ ಜಾಸ್ತಿ. ಉತ್ತರದಲ್ಲಿ ಹೊಸ ಸರ್‌ನೇಮ್ ಇತ್ತು. ಮದುವೆ ಆಗಿದ್ದು ಗಡಿ ದಾಟಿ ಸೌತ್ ಆಸ್ಟ್ರೇಲಿಯಾದಲ್ಲಿ, ಅದಕ್ಕೇ ವಿಕ್ಟೋರಿಯಾದ ಮದುವೆ ಇಂಡೆಕ್ಸ್ ಬಾಯಿ ಬಿಟ್ಟಿರಲಿಲ್ಲ.

ಆರನೇ ಸರ್ಟಿಫಿಕೇಟ್ ಸರಿಯಾಗಿ ಬಿತ್ತು. ಅವಳು ಸತ್ತದ್ದು ವಿಕ್ಟೋರಿಯಾದಲ್ಲಿ ಅನ್ನೋದೇ ನಮ್ಮ ಪುಣ್ಯ. ಇಲ್ಲಿಯ ಡೆತ್ ಸರ್ಟಿಫಿಕೇಟ್‌ನಲ್ಲಿ ಅಪ್ಪ, ಅಮ್ಮನ ತವರಿನ ಸರ್‌ನೇಮ್, ಹುಟ್ಟಿದ ಊರು, ಎರಡೂ ಮದುವೆ, ಮಕ್ಕಳ ಹೆಸರು, ಯಾವ ಕಾಲೊನಿಯಲ್ಲಿ ಎಷ್ಟು ವರ್ಷ ಎಲ್ಲಾ ಇರುತ್ತೆ. ಅದೇ ಕಾಲದ ಸೌತ್ ಆಸ್ಟ್ರೇಲಿಯಾ ಸರ್ಟಿಫಿಕೇಟ್ ಆಗಿದ್ದರೆ ಅಪ್ಪ ಅಮ್ಮನ ಹೆಸರೂ ಇರುತ್ತಿರಲಿಲ್ಲ. ಆದರೆ ಮಾಹಿತಿ ಕೊಟ್ಟವರು ಯಾರು ಅನ್ನೋ ಕಾಲಂ ಮೊದಲು ಓದಿ. ಇಲ್ಲಿ ಅಳಿಯ ಕೊಟ್ಟಿದ್ದ. ‘ಕಾಲೊನಿಯಲ್ಲಿ 40 ವರ್ಷ’ ಅಂತ ದುಂಡಗೆ ಬರೆಸಿದ್ದಾನೆ, ಹಡಗಿನ ಪಟ್ಟಿಯಲ್ಲಿ ಅವಳು ಸಿಕ್ಕಿದ್ದು ಮೂರು ವರ್ಷ ಆಚೆ.

ಆಸ್ಟ್ರೇಲಿಯಾದ ಹಳೇ ಪತ್ರಿಕೆಗಳನ್ನು ಹುಡುಕುವ ಜಾಲತಾಣ ಟ್ರೋವ್ ಬಗ್ಗೆ ಎರಡು ಮಾತು. ಅವಳ ಸ್ವಂತ ಹೆಸರು ಹಾಕಿದರೆ ಏನೂ ಬರಲ್ಲ, ಪೇಪರ್‌ನಲ್ಲಿ ಇರೋದು ಬರೀ ಮಿಸೆಸ್. ಮರಣ ವಾರ್ತೆಗೆ ‘ರೆಲಿಕ್ಟ್ ಆಫ್’ ಹಾಕಿ, ವಿಧವೆ ಅಂತ ಅರ್ಥ. ‘ಕಾಲೊನಿಸ್ಟ್ ಆಫ್’ ಕೂಡ ಹಾಕಿ, ಕಾಲೊನಿಯಲ್ಲಿ ಇಷ್ಟು ವರ್ಷ ಇದ್ದವರು ಅಂತ ಬರೆಯುವ ರೀತಿ ಅದು. ಸ್ಕ್ಯಾನ್‌ನಲ್ಲಿ ಸಿ ಅಕ್ಷರ ಇ ಆಗಿ ಓದಿಕೊಂಡಿರುತ್ತೆ, ಹಾಗಾಗಿ ‘ರೆಲಿಕ್ಟ್’ ಅನ್ನು ತಪ್ಪು ಸ್ಪೆಲಿಂಗ್‌ನಲ್ಲೂ ಹುಡುಕಬೇಕು. ಹಾರ್ಶಮ್ ಟೈಮ್ಸ್‌ನಲ್ಲಿ ನನಗೆ ಸಿಕ್ಕಿದ ಆರು ಸಾಲು ಹಾಗೆ ತಪ್ಪು ಸ್ಪೆಲಿಂಗ್‌ನಲ್ಲೇ ಸಿಕ್ಕಿದ್ದು.

ಫೈಲ್‌ನ ಪತ್ರಗಳಲ್ಲಿ ಕೈಬರಹ ಚೆನ್ನಾಗಿದೆ ಅಂತ ‘ಓದು ಬರಹ ಬಲ್ಲವಳು’ ಎಂದು ಬರೆದುಬಿಡಬೇಡಿ. ನಾನು ಬರೆದು ಆಮೇಲೆ ಹೊಡೆದುಹಾಕಿದೆ. ಮೂರು ಪತ್ರ, ಮೂರು ಕೈ. ಪ್ರೊಬೇಟ್ ಕಾಗದದಲ್ಲಿ ಅವಳದೇ ಗುರುತು ಇದೆ: ಒಂದು ಅಡ್ಡಗೆರೆ, ಒಂದು ಉದ್ದಗೆರೆ, ಉದ್ದಗೆರೆಯ ತುದಿಯಲ್ಲಿ ಶಾಯಿ ಚೆಲ್ಲಿ ಗುಂಡಗಾಗಿದೆ, ಪಕ್ಕದಲ್ಲಿ ಸಾಕ್ಷಿಯ ಸಹಿ.

ಮನೆಯವರಿಗೆ ‘ಈ ನೆಲಕ್ಕೆ ಮೊದಲು ಬಂದವಳು’ ಅಂತ ಬರೆಸಬೇಕಿತ್ತು. ಅದು ವೊಟ್ಜೊಬಾಲುಕ್ ಅನ್ನೋ ಮೂಲನಿವಾಸಿ ಜನರ ನೆಲ. ಡಿಂಬೂಲಾ ಹತ್ತಿರ ಆ ಜನರಿಗಾಗಿ ಪಾದ್ರಿಗಳು ನಡೆಸಿದ ಎಬನೇಜರ್ ಮಿಷನ್ ಶುರುವಾದದ್ದೇ 1859ರಲ್ಲಿ, ಇವಳ ಲೈಸೆನ್ಸ್‌ಗೂ ಎಷ್ಟೋ ಮುಂಚೆ. ಆ ಸಾಲು ತೆಗೆಸಿದೆ, ಸ್ವಲ್ಪ ಮುನಿಸಿಕೊಂಡರು.

ಕೊನೆಗೆ ಜಾಗ ನೋಡಲು ಹೋದೆ. 320 ಎಕರೆ ಅಂದರೆ ಅರ್ಧ ಚದರ ಮೈಲಿ, ಇದು 80 ಚೈನ್ ಉದ್ದ, 40 ಚೈನ್ ಅಗಲದ ತುಂಡು (ಒಂದು ಚೈನ್ ಅಂದರೆ 66 ಅಡಿ). ಹಳೇ ಪ್ಲಾನ್ ಅನ್ನು ಈಗಿನ ಸ್ಯಾಟಲೈಟ್ ಚಿತ್ರದ ಮೇಲೆ ಮಲಗಿಸುವಾಗ ರಸ್ತೆ ಮೂಲೆಗಳನ್ನು ಹೊಂದಿಸಿ, ಹೊಳೆ ನಂಬಬೇಡಿ, ಪಾತ್ರ ಬದಲಾಗಿರುತ್ತೆ. ಬರೀ ಗೋಧಿ ಹೊಲದ ಮಧ್ಯೆ ಒಂಟಿ ಪೆಪ್ಪರ್‌ಕಾರ್ನ್ ಮರ ಕಂಡರೆ ಅಲ್ಲಿ ಮನೆ ಇತ್ತು ಅಂತ ಲೆಕ್ಕ. ಮರ ಇದೆ, ಒಲೆಯ ಕಲ್ಲು ನಾಲ್ಕಿವೆ. ಲೀಸ್ ಅರ್ಜಿಯಲ್ಲಿ ಬರೆಸಿದ್ದು ಸ್ಲ್ಯಾಬ್ (ದಪ್ಪ ಮರದ ಹಲಗೆ) ಗೋಡೆಯ ಎರಡು ಕೋಣೆ, ಸುಮಾರು 24 ಅಡಿಗೆ 12. ಕಲ್ಲುಗಳ ಅಂತರಕ್ಕೆ ಅದು ಹೊಂದುತ್ತೆ. ನೀರಿನ ಡ್ಯಾಮ್‌ಗೆ ಮಾತ್ರ 400 ಕ್ಯೂಬಿಕ್ ಯಾರ್ಡ್ ಅಂತ ಬರೆಸಿದ್ದಾಳೆ. ಟೇಪ್ ಹಿಡಿದು ಅಳೆದೆ. ಹೂಳು ಕಳೆದು, ಧಾರಾಳವಾಗಿ ಲೆಕ್ಕ ಹಾಕಿದರೂ 250 ದಾಟಲ್ಲ. ಬೇಲಿಯ ಚೈನ್ ಲೆಕ್ಕವನ್ನೂ ಇನ್ನೊಮ್ಮೆ ನೋಡಬೇಕು.