ಕುನ್ನಿ ರಾತ್ರಿಯಿಡೀ ಅಳುತ್ತಿದೆಯೇ? ಸಂಜೆಯಿಂದಲೇ ಶುರು ಮಾಡಿ

ಹೊಸ ನಾಯಿಮರಿ ಬಂದ ಮನೆಯಲ್ಲಿ ಮೊದಲ ವಾರ ಯಾರಿಗೂ ಸರಿಯಾಗಿ ನಿದ್ದೆ ಆಗುವುದಿಲ್ಲ. ತಾಯಿಯ ಹೊಟ್ಟೆಗೆ ಅಂಟಿಕೊಂಡು ಮಲಗುತ್ತಿದ್ದ ಕುನ್ನಿ ಅದು. ಒಂದೇ ಬಿದ್ದಿರು ಎಂದರೆ ಅಳದೆ ಇನ್ನೇನು ಮಾಡೀತು? ಆದರೆ ರಾತ್ರಿಯ ಗೋಳಿಗೆ ಸಂಜೆಯ ಊಟವೂ ಕಾರಣ ಇರುತ್ತದೆ. ಅಲ್ಲಿಂದಲೇ ಸರಿ ಮಾಡುತ್ತಾ ಬರೋಣ.

ಊಟಕ್ಕೆ ಹೊತ್ತು ಇರಲಿ

ರಾಯಚೂರು, ಬಳ್ಳಾರಿ ಕಡೆಯ ತುಂಬಿದ ಮನೆಗಳಲ್ಲಿ ಮರಿಗೆ ತಿನ್ನಿಸುವವರು ಜಾಸ್ತಿ. ಅಜ್ಜಿ ರೊಟ್ಟಿ ಚೂರು ಹಾಕುತ್ತಾರೆ, ಮಕ್ಕಳು ಬಿಸ್ಕತ್ತು ಕೊಡುತ್ತಾರೆ, ರಾತ್ರಿ ಹತ್ತಕ್ಕೆ ಉಳಿದ ಹಾಲನ್ನೂ ಅದರ ತಟ್ಟೆಗೇ ಸುರಿಯುತ್ತಾರೆ. ಆಮೇಲೆ ನಡುರಾತ್ರಿ ಪಡಸಾಲೆ ಗಲೀಜಾಯಿತು ಅಂತ ಮರಿಗೆ ಬೈಗುಳ! 2 ತಿಂಗಳ ಮರಿಗೆ ದಿನಕ್ಕೆ 3–4 ಸಲ, ಗೊತ್ತಾದ ಹೊತ್ತಿಗೆ ಊಟ ಹಾಕಿ. ಕೊನೆಯ ಊಟ ಮಲಗುವ ಎರಡು ಮೂರು ಗಂಟೆ ಮೊದಲೇ ಮುಗಿಯಲಿ. ಹಸು, ಎಮ್ಮೆ ಹಾಲು ಎಷ್ಟೋ ಮರಿಗಳಿಗೆ ಭೇದಿ ಹಚ್ಚುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡವೇ ಬೇಡ.

ಸಂಜೆಯಿಂದ ನೀರೂ ನಿಲ್ಲಿಸಿ ಎಂದು ಹೇಳುವವರಿದ್ದಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ಆ ಮಾತು ಕೇಳಬೇಡಿ. ನೀರು ಇಡಿ, ರಾತ್ರಿ ಒಂದು ಸಲ ಜಾಸ್ತಿ ಏಳಿ. ಅಷ್ಟೇ.

ಹೋಗಲು ಜಾಗ ಒಂದೇ

ಉಚ್ಚೆ, ಕಕ್ಕಸಿಗೆ ಅಂಗಳದಲ್ಲೋ ಹಿತ್ತಲಿನಲ್ಲೋ ಒಂದು ಮೂಲೆ ಗೊತ್ತು ಮಾಡಿ. ಮರಿ ಎದ್ದ ಕೂಡಲೇ, ಉಂಡ ಮೇಲೆ, ಆಟ ಆಡಿದ ಮೇಲೆ ಅಲ್ಲಿಗೇ ಕರೆದೊಯ್ಯಿರಿ. ಎಷ್ಟು ಹೊತ್ತು ತಡೆದೀತು? ವಯಸ್ಸು ಎಷ್ಟು ತಿಂಗಳೋ ಅಷ್ಟು ಗಂಟೆ, ಮೇಲೆ ಇನ್ನೊಂದು. ಅಂದರೆ 2 ತಿಂಗಳ ಮರಿಗೆ ಹೆಚ್ಚೆಂದರೆ 3 ಗಂಟೆ. ನೆಲ ಮೂಸುತ್ತಾ ಸುತ್ತು ಹೊಡೆಯತೊಡಗಿದರೆ ಅಷ್ಟು ಹೊತ್ತೂ ಇಲ್ಲ, ತಕ್ಷಣ ಎತ್ತಿಕೊಂಡು ಓಡಬೇಕು.

ಕೆಲಸ ಮುಗಿಸಿದ ಕ್ಷಣದಲ್ಲೇ, ಅಲ್ಲೇ ನಿಂತು, ಹೊಗಳಿ ನಾಲ್ಕು ಕಾಳು ಮಂಡಕ್ಕಿ ಕೊಡಿ. ಒಗ್ಗರಣೆ ಹಾಕಿದ್ದಲ್ಲ, ಬರೀ ಮಂಡಕ್ಕಿ. ಒಳಗೆ ಬಂದ ಮೇಲೆ ಕೊಟ್ಟರೆ ಯಾಕೆ ಸಿಕ್ಕಿತು ಅಂತ ಅದಕ್ಕೆ ತಿಳಿಯುವುದಿಲ್ಲ.

ಮಧ್ಯಾಹ್ನ ಹೊರಗಿನ ಕಲ್ಲುಹಾಸು ಮುಟ್ಟಿ ನೋಡಿ. ನಿಮ್ಮ ಅಂಗೈ ಐದು ಸೆಕೆಂಡ್ ತಾಳದಿದ್ದರೆ ಅದರ ಪಾದವೂ ತಾಳದು. ನೆರಳಿನ ಮೂಲೆಯನ್ನೇ ಆರಿಸಿ. ಲಸಿಕೆಗಳೆಲ್ಲ ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ಜಾಗ ಬೇಡ. ವಾಂತಿ ಭೇದಿ ಹಚ್ಚಿ ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೊ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಮಹಡಿ ಮೇಲಿನ ಬಾಡಿಗೆ ಮನೆಯಾದರೆ ಅಗಲವಾದ ಟ್ರೇನಲ್ಲಿ ಉಸುಕು ತುಂಬಿಡಿ. ಪೇಪರ್ ಹಾಸುವುದು ಸುಲಭ, ಈ ಪುರವಣಿಯನ್ನೇ ಹಾಸಿದರೂ ನಮಗೆ ಬೇಸರವಿಲ್ಲ. ಆದರೆ ಮುಂದೆ ನೀವು ಓದಲು ಇಟ್ಟ ಪೇಪರ್ ಮೇಲೂ ಅದು ಹಕ್ಕು ಸಾಧಿಸೀತು. ಕಾಲೊರಸು, ಗೋಣಿತಾಟುಗಳನ್ನೂ ಕೆಲವು ವಾರ ಎತ್ತಿಡಿ. ಮೆತ್ತಗೆ ಹೀರುವಂಥದ್ದು ಕಂಡರೆ ಮರಿಗಳಿಗೆ ಅಲ್ಲೇ ಆಗಬೇಕು.

ರಾತ್ರಿ

ರಟ್ಟಿನ ಡಬ್ಬಿಯಲ್ಲೋ ಬುಟ್ಟಿಯಲ್ಲೋ ಹಳೇ ಕೌದಿ ಹಾಸಿ, ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇಡಿ. ತಾಯಿನಾಯಿ ಮಲಗಿದ್ದ ಬಟ್ಟೆಯ ತುಂಡು ಸಿಕ್ಕರೆ ಜೊತೆಗಿಡಿ, ಆ ವಾಸನೆಗೆ ಮರಿ ಬೇಗ ಸುಮ್ಮನಾಗುತ್ತದೆ. ಬೇರೆ ಕೋಣೆಯಲ್ಲಿ ಕೂಡಿ ಹಾಕಿ, ಅತ್ತು ಅತ್ತು ತಾನೇ ಮಲಗಲಿ ಎನ್ನುವುದು ನನಗಂತೂ ಸರಿ ಕಾಣುವುದಿಲ್ಲ. ರೂಢಿಯಾದ ಮೇಲೆ ಬುಟ್ಟಿಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ದೂರ ಸರಿಸಿದರಾಯಿತು. ಸೆಕೆಗೆ ಮಾಳಿಗೆ ಮೇಲೆ ಮಲಗುವ ಮನೆಯವರು ಮರಿಯನ್ನು ಅಲ್ಲಿ ಬಿಚ್ಚಿ ಬಿಡಬೇಡಿ. ಕುಂಬಿಗೋಡೆಯ ಸಂದಿಯಲ್ಲಿ ಜಾರಿ ಬೀಳಬಹುದು.

ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಅಲಾರಂ ಇಟ್ಟು ಒಮ್ಮೆ ಹೊರಗೆ ಕರೆದೊಯ್ಯಿರಿ. ದೊಡ್ಡ ಲೈಟು ಬೇಡ, ಮಾತು ಬೇಡ, ಆಟವಂತೂ ಬೇಡ. ಹೋಗಿ ಬಂದ ಮೇಲೂ ಕುಂಯ್‌ಗುಟ್ಟಿದರೆ ಅದು ಒಂಟಿತನ. ಬುಟ್ಟಿಯೊಳಗೆ ಕೈ ಇಟ್ಟುಕೊಂಡು ಸುಮ್ನೆ ಮಲಗಿ.

ಒಳಗೇ ಮಾಡಿಬಿಟ್ಟರೆ

ಹೊಡೆಯಬೇಡಿ, ಮೂಗು ತಿಕ್ಕಬೇಡಿ. ಹಾಗೆ ಮಾಡಿದರೆ ಅದು ಮಂಚದ ಕೆಳಗೆ ಅಡಗಿ ಮಾಡುವುದನ್ನು ಕಲಿಯುತ್ತದೆ. ಉಚ್ಚೆಯ ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತದೆ. ನೀರಲ್ಲಿ ವಿನೆಗರ್ ಬೆರೆಸಿ ಒರೆಸಿ. ಫಿನಾಯಿಲ್ ನೆಕ್ಕಿದರೆ ಮರಿಗೆ ಅಪಾಯ.

ಪೂರ್ತಿ ರೂಢಿಯಾಗಲು ಸಾಮಾನ್ಯವಾಗಿ 4–6 ತಿಂಗಳು ಬೇಕು. ನಡುವೆ ಗಳಿಗೆಗೊಮ್ಮೆ ಹನಿ ಹನಿ ಉಚ್ಚೆ ಹೋಗುತ್ತಿದ್ದರೆ, ಅದರಲ್ಲಿ ರಕ್ತ ಕಂಡರೆ, ಅಥವಾ ವಾಂತಿ ಭೇದಿ ಜೊತೆಯಾಗಿ ಬಂದರೆ ಬೆಳಗಾಗಲಿ, ನೋಡೋಣ ಎನ್ನದೆ ಪಶುವೈದ್ಯರಿಗೆ ಫೋನ್ ಮಾಡಿ.